ಕಟಕ್ ಅಂದರೆ ಓಡಿ

ಅವರ ಕೆಳತುಟಿಯ ನಟ್ಟನಡುವೆ ಒಂದು ಸಣ್ಣ ತಗ್ಗಿತ್ತು. ಇಪ್ಪತ್ತು ವರ್ಷಕ್ಕೂ ಮೇಲ್ಪಟ್ಟು ಒಂದೇ ಜಾಗದಲ್ಲಿ ವಿಶಲ್ ಕಚ್ಚಿ ಹಿಡಿದು ಆದ ಗುರುತು ಅದು. ವಿಶಲ್ ಬಾಯಲ್ಲಿ ಇಲ್ಲದಿದ್ದಾಗಲೂ ತುಟಿ ಅದಕ್ಕೆ ಜಾಗ ಬಿಟ್ಟುಕೊಂಡೇ ಇರುತ್ತಿತ್ತು. ಕಾಫಿ ಕುಡಿಯುವಾಗ ಆ ತಗ್ಗಿನಿಂದ ಒಂದು ತೊಟ್ಟು ಜಾರಿ ಅವರ ಬಿಳಿ ಅಂಗಿಯ ಮೇಲೆ ಬೀಳುವುದು ದಿನವೂ ಇದ್ದದ್ದೇ. ಎರಡನೇ ಗುಂಡಿಯ ಪಕ್ಕದಲ್ಲಿ ಒಂದು ಕಂದು ಚುಕ್ಕೆ ಕಂಡರೆ ಹನ್ನೊಂದು ಗಂಟೆ ದಾಟಿದೆ ಎಂದು ನಾವು ಸ್ಟಾಫ್ ರೂಮಿನಲ್ಲಿ ಲೆಕ್ಕ ಹಾಕುತ್ತಿದ್ದೆವು.

ತಿ. ನರಸೀಪುರದ ಹೈಸ್ಕೂಲಿಗೆ ನಾನು ಕನ್ನಡ ಟೀಚರಾಗಿ ಬಂದದ್ದು ತೊಂಬತ್ತರ ದಶಕದ ಮೊದಲಲ್ಲಿ. ಅವರು ಅಲ್ಲಿ ಪಿ.ಟಿ. ಮೇಷ್ಟ್ರು. ಮನೆ ನಂಜನಗೂಡಿನಲ್ಲಿ, ಹೊಳೆಯಿಂದ ಎರಡು ಬೀದಿ ಈಚೆ. ದಿನಾ ಬಸ್ಸಿನಲ್ಲಿ ಓಡಾಟ. ಬಸ್ಸು ತಡವಾದ ದಿನ ಹಾಜರಿ ಪುಸ್ತಕಕ್ಕೆ ಸಹಿ ಹಾಕುತ್ತಾ, "ಬೆಳಿಗ್ಗೆ ಕಪಿಲೇಲಿ ಮೊಖ ತೊಳ್ದಿದ್ದೆ ಮೇಡಂ, ಆ ನೀರು ಆಗ್ಲೇ ನಿಮ್ಮೂರಿಗೆ ಬಂದು ಸಂಗಮನೂ ದಾಟ್ತು. ನಾನು ಈಗ ಬತ್ತಾ ಇವ್ನಿ" ಎನ್ನುತ್ತಿದ್ದರು. ಹೆಡ್ ಮಾಸ್ಟರು ಗಡಿಯಾರ ನೋಡುವಷ್ಟರಲ್ಲಿ ಈ ಮಾತಿಗೆ ನಕ್ಕುಬಿಟ್ಟಿರುತ್ತಿದ್ದರು. ನಕ್ಕ ಮೇಲೆ ಬೈಯುವುದು ಕಷ್ಟ.

ಕಿಟಕಿ ಪಕ್ಕದ ಅವರ ಮೇಜಿನ ಮೇಲೆ ಒಂದು ಹಳೆಯ ಬಿಸ್ಕತ್ತಿನ ಡಬ್ಬಿ. ಅದರಲ್ಲಿ ಸ್ಕ್ರೂಡ್ರೈವರು, ಇಕ್ಕಳ, ಸೈಕಲ್ಲಿನ ಗುಂಡುಗಳು, ತುಂಡು ತಂತಿ, ಯಾವುದೋ ರೇಡಿಯೋದ ಗುಬುಟು. ನನ್ನ ಕೊಡೆಯ ಕಡ್ಡಿ ಕಿತ್ತಾಗ ಹಾಕಿಕೊಟ್ಟವರು ಅವರೇ. ಹೆಡ್ ಮಾಸ್ಟರ ತಿರುಗುವ ಕುರ್ಚಿ ತಿರುಗುವುದನ್ನು ನಿಲ್ಲಿಸಿದಾಗ ಅದರ ಕೆಳಗೆ ಅಂಗಾತ ಮಲಗಿ ಸರಿಮಾಡಿದವರೂ ಅವರೇ. ಆಮೇಲೆ ಅದು ಎಡಕ್ಕೆ ಮಾತ್ರ ತಿರುಗುತ್ತಿತ್ತು ಅನ್ನುವುದು ಬೇರೆ ಮಾತು. ಯಾವುದನ್ನಾದರೂ ಅಂಗಡಿಗೆ ಕೊಡೋಣ ಸಾರ್ ಎಂದರೆ ಅವರಿಗೆ ಮುಖ ಸಣ್ಣದಾಗುತ್ತಿತ್ತು.

"ರಿಪೇರಿಗೆ ಹೊರಗಡೆ ಕೊಡೋದು ಅಂದ್ರೆ ನಮ್ಮನೆ ಜಗಳ ಬೀದೀಲಿ ಕೂತು ಹೇಳ್ಕಂಡಂಗೆ ಕಣ್ ಮೇಡಂ. ನಮ್ ಕೈಲಾದಷ್ಟು ನಾವೇ ನೋಡ್ಬೇಕು."

ಮಧ್ಯಾಹ್ನದ ಡಬ್ಬಿಯಲ್ಲಿ ಅಕ್ಕಿ ರೊಟ್ಟಿ, ಹುಚ್ಚೆಳ್ಳು ಚಟ್ನಿ. ಅರ್ಧ ರೊಟ್ಟಿ ಮುರಿದು ನನ್ನ ಡಬ್ಬಿಯ ಮುಚ್ಚಳದ ಮೇಲೆ ಇಟ್ಟೇ ತಾವು ತಿನ್ನಲು ಶುರು ಮಾಡುವರು. ಬೇಡ ಎಂದರೆ ಕೇಳುತ್ತಿರಲಿಲ್ಲ. ಹಾಗೆ ಅವರ ಮನೆಯವರ ಕೈರುಚಿ ನನಗೆ ಅವರನ್ನು ನೋಡುವ ಮೊದಲೇ ಗೊತ್ತಾಗಿತ್ತು.

ಇಷ್ಟು ಹಗುರಾಗಿದ್ದ ಮನುಷ್ಯ ಒಂದು ವರ್ಷ ಮಾತ್ರ ಮಂಕಾಗಿದ್ದರು. ಅದಕ್ಕೆ ಕಾರಣ ತಾಲ್ಲೂಕು ಮಟ್ಟದ ಕ್ರೀಡಾಕೂಟ. ಅದು ನಡೆಯುತ್ತಿದ್ದದ್ದು ನಮ್ಮ ಮೈದಾನದಲ್ಲೇ. ಮೈದಾನ ಯಾರದೋ ಓಟ ಬಿಡುವವರೂ ಅವರೇ ಅನ್ನುವುದು ವಾಡಿಕೆ. ಆ ವರ್ಷ ನಮ್ಮ ಶಾಲೆಯ ಮಕ್ಕಳು ಓಟದಲ್ಲಿ ಮೂರು ಬಹುಮಾನ ಹೊಡೆದರು. ಆಗ ಬನ್ನೂರು ಕಡೆಯ ಶಾಲೆಯೊಂದರ ಪಿ.ಟಿ. ಮೇಷ್ಟ್ರು, ನಮ್ಮವರಿಗಿಂತ ವಯಸ್ಸಿನಲ್ಲಿ ಚಿಕ್ಕವರು, ಎಲ್ಲರೂ ಟೀ ಕುಡಿಯುತ್ತಿದ್ದಾಗ ಜೋರಾಗಿಯೇ ಹೇಳಿದರು.

"ನಿಮ್ ಮಕ್ಳು ವಿಶಲ್ ಕೇಳಿ ಓಡಲ್ಲ ಸಾ. ನಿಮ್ ಕೆನ್ನೆ ನೋಡಿ ಓಡ್ತವೆ. ನೀವು ಕೆನ್ನೆ ಉಬ್ಬಿಸ್ತಿದ್ದಂಗೆ ಅವು ಎದ್ದಿರ್ತವೆ. ನಮ್ ಮಕ್ಳಿಗೆ ಏನ್ ಗೊತ್ತು ನಿಮ್ ಕೆನ್ನೆ ಸಮಾಚಾರ?"

ಸುತ್ತಲಿದ್ದವರು ನಕ್ಕರು. ನಮ್ಮ ಮೇಷ್ಟ್ರೂ ನಕ್ಕರು. ಆದರೆ ಸಂಜೆ ಬಸ್ ಸ್ಟ್ಯಾಂಡಿನವರೆಗೆ ನನ್ನ ಜೊತೆ ನಡೆದು ಬರುವಾಗ ತಮ್ಮ ಕೆನ್ನೆಯನ್ನೇ ಸವರಿಕೊಳ್ಳುತ್ತಿದ್ದರು. ಬಸ್ಸು ಬಂದ ಮೇಲೆ ಫುಟ್‌ಬೋರ್ಡಿನ ಮೇಲೆ ಒಂದು ಕಾಲಿಟ್ಟು, "ನಂಗೆ ಗೊತ್ತೇ ಇರ್ಲಿಲ್ಲ ಮೇಡಂ" ಎಂದರು. ಬಸ್ಸು ಹೊರಟಿತು.

ಮರುವರ್ಷ ಕ್ರೀಡಾಕೂಟಕ್ಕೆ ಹದಿನೈದು ದಿನ ಇರುವಾಗ ಸ್ಟಾಫ್ ರೂಮಿಗೆ ಒಂದು ರಟ್ಟಿನ ಪೆಟ್ಟಿಗೆ ಬಂತು. ಒಳಗೆ ಸ್ಪಂಜಿನಲ್ಲಿ ಹುದುಗಿಸಿಟ್ಟ ಕಪ್ಪು ಪಿಸ್ತೂಲು. ಗುಂಡು ಹಾರಿಸುವಂಥದ್ದಲ್ಲ, ಓಟ ಬಿಡುವಾಗ ಸದ್ದು ಮಾಡುವಂಥದ್ದು. ಒಳಗೆ ಸಣ್ಣ ಮದ್ದಿನ ಕ್ಯಾಪು ಇಟ್ಟು ಬೆರಳಿನಿಂದ ಅದರ ಕುದುರೆ ಎಳೆದರೆ ಢಂ ಅನ್ನಬೇಕು, ಮೇಲೆ ಒಂದಿಷ್ಟು ಹೊಗೆ ಏಳಬೇಕು. ಮೇಷ್ಟ್ರು ಹೆಡ್ ಮಾಸ್ಟರಿಗೆ ಆರು ತಿಂಗಳು ದುಂಬಾಲು ಬಿದ್ದು ಮೈಸೂರಿನ ಅಂಗಡಿಯೊಂದರಿಂದ ತರಿಸಿದ್ದರು. ಕೈ ಮೇಲೆತ್ತಿ ಮುಖ ಆ ಕಡೆ ತಿರುಗಿಸಿ ಹಾರಿಸಿದರೆ ಇನ್ನು ಯಾರ ಕೆನ್ನೆ ಯಾರು ನೋಡಬೇಕು?

ನಾವೆಲ್ಲ ಒಬ್ಬೊಬ್ಬರಾಗಿ ಹಿಡಿದು ನೋಡಿದೆವು. ಮೇಷ್ಟ್ರು ಅಂಗಳಕ್ಕೆ ಹೋಗಿ ಕೈಯೆತ್ತಿದರು. ನಾನು ಕಿವಿ ಮುಚ್ಚಿಕೊಂಡೆ. ಏನೂ ಆಗಲಿಲ್ಲ. ಮತ್ತೆ ಎಳೆದರು. ಆಗಲೂ ಇಲ್ಲ. ನಾನು ಕಿವಿ ಬಿಟ್ಟ ಹೊತ್ತಿಗೆ ಸರಿಯಾಗಿ ಢಂ ಎಂದಿತು. ಹೊಂಗೆ ಮರದ ಕಾಗೆಗಳೆಲ್ಲ ಎದ್ದವು. ಐದು ಸಲ ಎಳೆದರೆ ಎರಡು ಸಲ ಕೆಲಸ ಮಾಡುತ್ತಿತ್ತು. ಯಾವ ಎರಡು ಸಲ ಅಂತ ಅದಕ್ಕೇ ಗೊತ್ತು.

"ದೀಪಾವಳಿ ಕೇಪಿನ ಗನ್ನೇ ವಾಸಿ" ಎಂದರು ಹೆಡ್ ಮಾಸ್ಟರು. "ಗ್ಯಾರಂಟಿ ಕಾರ್ಡ್ ಇದೆಯಲ್ಲ. ಶನಿವಾರ ಹೋಗಿ ವಾಪಸ್ ಕೊಟ್ಟು ಬೇರೇದು ತಗೊಂಬನ್ನಿ."

ಶನಿವಾರ ಬೆಳಗಿನ ತರಗತಿ ಮುಗಿಸಿ ಮೇಷ್ಟ್ರು ಪೆಟ್ಟಿಗೆಯನ್ನು ಊಟದ ಚೀಲದಲ್ಲಿಟ್ಟುಕೊಂಡು ಮೈಸೂರು ಬಸ್ಸು ಹತ್ತಿದರು. ಅದು ಕೊಳ್ಳೇಗಾಲದಿಂದ ಬರುವ ಬಸ್ಸು. ಆಗ ಆ ಕಡೆ ಕಾಡುಗಳ್ಳರ ಗಲಾಟೆ ಜೋರಾಗಿದ್ದ ಕಾಲ. ಅಲ್ಲಿಂದ ಬರುವ ಬಸ್ಸುಗಳನ್ನು ಪೊಲೀಸರು ದಾರಿಯಲ್ಲಿ ನಿಲ್ಲಿಸಿ ಚೀಲ ಬಿಚ್ಚಿಸಿ ನೋಡುತ್ತಿದ್ದರು. ಅಂದೂ ನಿಲ್ಲಿಸಿದರು. ಆಮೇಲೆ ನಡೆದದ್ದನ್ನು ಸೋಮವಾರ ಸ್ಟಾಫ್ ರೂಮಿನಲ್ಲಿ ಮೇಷ್ಟ್ರೇ ಎರಡೂ ಪಾತ್ರ ಮಾಡಿ ತೋರಿಸಿದರು.

"ಏನ್ರೀ ಇದು?"

"ಓಟ ಬಿಡಾಕೆ ಸಾ."

"ಯಾರು ಓಡೋಕೆ?"

"ಮಕ್ಳು ಸಾ. ಸ್ಕೂಲ್ ಮಕ್ಳು."

"ಎಲ್ಲಿ, ಹೊಡೆದು ತೋರ್ಸಿ."

ಮೇಷ್ಟ್ರು ರಸ್ತೆ ಪಕ್ಕ ನಿಂತು ಒಂದು ಸಲ ಎಳೆದರು, ಎರಡು ಸಲ ಎಳೆದರು, ಮೂರು ಸಲ ಎಳೆದರು. ಸದ್ದಿಲ್ಲ.

"ಇದು ಕೆಲ್ಸಾನೇ ಮಾಡಲ್ವಲ್ರೀ."

"ಅದ್ಕೇ ಸಾ ವಾಪಸ್ ಕೊಡಾಕೆ ಓಯ್ತಿರೋದು."

ಪೊಲೀಸಿನವರು ನಗುತ್ತಾ ಅದನ್ನು ಈಸಿಕೊಂಡು ತಾವೂ ಒಂದು ಸಲ ಎಳೆದರು. ಢಂ ಎಂದಿತು. ಬಸ್ಸಿನೊಳಗೆ ಕೂತಿದ್ದವರೆಲ್ಲ ಸೀಟಿನ ಕೆಳಗೆ. ಒಬ್ಬ ಅಜ್ಜಿ ಮಾತ್ರ ಮೇಲೆ ಕೂತೇ ಇದ್ದಳಂತೆ, ಅವಳಿಗೆ ಕಿವಿ ಕೇಳುತ್ತಿರಲಿಲ್ಲ. ಬಸ್ಸು ಮುಂದೆ ಹೋಯಿತು, ಮೇಷ್ಟ್ರು ಅಲ್ಲೇ ಉಳಿದರು. ಹೆಡ್ ಮಾಸ್ಟರ ಮನೆ ಪಕ್ಕದ ಅಂಗಡಿಗೆ ಫೋನು ಹೋಗಿ, ಅವರು ಬನಿಯನ್ನಿನಲ್ಲೇ ಓಡಿ ಬಂದು "ಹೌದು, ಅವರು ನಮ್ಮವರೇ" ಎಂದು ಹೇಳಿ ಬಿಡಿಸುವ ಹೊತ್ತಿಗೆ ಸಂಜೆ. ಇನ್ನು ಮುಂದೆ ತರುವುದಾದರೆ ಶಾಲೆಯ ಮೊಹರು ಹಾಕಿದ ಕಾಗದ ಜೊತೆಗಿರಲಿ ಎಂದು ಪೊಲೀಸಿನವರು ಒಳ್ಳೆಯ ಮಾತಿನಲ್ಲೇ ಹೇಳಿ ಕಳಿಸಿದ್ದರು.

ಕಾಗದ ಬರೆದುಕೊಡಲು ಹೆಡ್ ಮಾಸ್ಟರು ತಯಾರಿದ್ದರು. ಮೇಷ್ಟ್ರ ಕಣ್ಣು ಮಾತ್ರ ಬಿಸ್ಕತ್ತಿನ ಡಬ್ಬಿಯ ಮೇಲಿತ್ತು.

"ಮೇಡಂ, ನೀವೇನಂತೀರಿ?"

"ವಾಪಸ್ ಕೊಡಿ ಸಾರ್. ಹೊಸಾ ವಸ್ತು. ನೀವು ಬಿಚ್ಚಿದಿರಿ ಅಂದ್ರೆ ಆಮೇಲೆ ಅಂಗಡಿಯವರು ಮುಟ್ಟಲ್ಲ."

"ಅವರು ಬೇರೇದು ಕೊಡ್ತಾರೆ, ಅದೂ ಹಿಂಗೇ ಇದ್ರೆ? ಇದರ ಕಾಯಿಲೆ ಏನು ಅಂತ ನಂಗೆ ಅರ್ಧ ಗೊತ್ತಾಗ್ಯದೆ. ಒಳಗಡೆ ಸ್ಪ್ರಿಂಗ್ ಸೋತದೆ, ಅಷ್ಟೇ."

"ಅರ್ಧ ಗೊತ್ತಾಗಿರೋದಕ್ಕೇ ನಾನು ಹೆದರೋದು ಸಾರ್. ಆ ಕುರ್ಚಿ ನೆನಪು ಮಾಡ್ಕೊಳ್ಳಿ."

"ಕುರ್ಚಿ ಎಡಕ್ಕಾದ್ರೂ ತಿರುಗ್ತದಲ್ಲವ್ವಾ" ಎಂದು ಅವರು ಆಗಲೇ ಸ್ಕ್ರೂಡ್ರೈವರು ಕೈಗೆ ತೆಗೆದುಕೊಂಡಿದ್ದರು.

ಹಳೆಯ ಬೀಗವೊಂದನ್ನು ಒಡೆದು ಅದರ ಸ್ಪ್ರಿಂಗನ್ನು ಪಿಸ್ತೂಲಿಗೆ ಕೂರಿಸಿದರು. ಎರಡು ದಿನ ಹಿಡಿಯಿತು. ಬುಧವಾರ ಅಂಗಳದಲ್ಲಿ ಹತ್ತು ಸಲ ಎಳೆದರು, ಹತ್ತು ಸಲವೂ ಢಂ. ಪ್ರತಿ ಸಲವೂ ನನ್ನ ಕಡೆ ತಿರುಗಿ ನೋಡಿದರು. ನಾನು ಸೋತೆ ಎಂದು ಕೈಮುಗಿದೆ.

ಅಂದಿನಿಂದ ದಿನಾ ಸಂಜೆ ಅದರಲ್ಲೇ ಅಭ್ಯಾಸ. ನಮ್ಮಲ್ಲಿ ಆಗ ಹತ್ತನೇ ತರಗತಿಯಲ್ಲಿ ಪುಟ್ಟತಾಯಿ ಅಂತ ಒಬ್ಬ ಹುಡುಗಿ, ಮೂಗೂರಿನ ಕಡೆಯವಳು. ಕಡ್ಡಿಯಂಥ ಕಾಲು, ಗಾಳಿಯಂಥ ಓಟ. ತಾಲ್ಲೂಕಿನಲ್ಲಿ ನೂರು ಮೀಟರಿಗೆ ಮೊದಲು ಬಂದವರು ಮಾತ್ರ ಜಿಲ್ಲಾ ಮಟ್ಟಕ್ಕೆ ಮೈಸೂರಿಗೆ. ಹಿಂದಿನ ವರ್ಷ ಬಹುಮಾನ ಗೆದ್ದವರಲ್ಲಿ ಅವಳೂ ಒಬ್ಬಳು. ಹಾಗಾಗಿ ಕೆನ್ನೆಯ ಮಾತು ಅವಳಿಗೂ ತಾಕಿತ್ತು. ಈ ಸಲ ಯಾರೂ ಬಾಯಿ ತೆಗೆಯದ ಹಾಗೆ ಗೆಲ್ಲಬೇಕು ಅನ್ನುವುದು ಅವಳ ಹಟ, ಗೆಲ್ಲಿಸಬೇಕು ಅನ್ನುವುದು ಮೇಷ್ಟ್ರ ಹಟ.

ನನಗೆ ಕೊಟ್ಟ ಕೆಲಸ ಓಟ ಮುಗಿಯುವ ತುದಿಯಲ್ಲಿ ಸ್ಟಾಪ್ ವಾಚು ಹಿಡಿದು ನಿಲ್ಲುವುದು. ಸದ್ದು ಅಷ್ಟು ದೂರ ಬರುವುದು ತುಸು ತಡವಾಗುವುದರಿಂದ ವಾಚು ಹಿಡಿದವರು ಸದ್ದು ಕೇಳಿ ಒತ್ತಬಾರದು, ಪಿಸ್ತೂಲಿನ ಹೊಗೆ ಕಂಡ ಕೂಡಲೇ ಒತ್ತಬೇಕು ಎಂದು ಮೇಷ್ಟ್ರೇ ಕಲಿಸಿದ್ದರು. ನಾನು ಕಲಿತ ಹಾಗೆ ಹೊಗೆಯನ್ನೇ ನೋಡುತ್ತಿದ್ದೆ. ಕ್ರೀಡಾಕೂಟದ ಹಿಂದಿನ ದಿನ ಸಂಜೆ ಒಂದು ವಿಷಯ ಕಣ್ಣಿಗೆ ಬಿತ್ತು. ಪುಟ್ಟತಾಯಿ ಎದ್ದಾದ ಮೇಲೆ ಹೊಗೆ ಕಾಣುತ್ತಿತ್ತು. ನನ್ನ ಕಣ್ಣೇ ತಪ್ಪಿರಬೇಕೆಂದು ಇನ್ನೂ ಮೂರು ಸಲ ನೋಡಿದೆ. ಅವಳೊಬ್ಬಳೇ ಅಲ್ಲ, ನಮ್ಮ ಹುಡುಗಿಯರೆಲ್ಲ ಹಾಗೆಯೇ.

ಅತ್ತ ತುದಿಗೆ ನಡೆದು ಹೋಗಿ ಹೇಳಿದೆ. "ಸಾರ್, ಹೊಗೆ ಬರೋಕೆ ಮುಂಚೆನೇ ಮಕ್ಕಳು ಎದ್ದಿರ್ತಾರೆ."

"ನಿಮ್ಗೆ ಕನ್ನಡಕ ಬಂತು ಅನ್ನಿ" ಎಂದು ನಕ್ಕರು. ಆದರೂ ಪುಟ್ಟತಾಯಿಯನ್ನು ಕರೆದು ಗೆರೆಯ ಮೇಲೆ ಕೂರಿಸಿ, ತಾವು ಅವಳ ಬೆನ್ನ ಹಿಂದೆ ಹೋಗಿ ನಿಂತು ಕುದುರೆ ಎಳೆದರು. ಈ ಸಲ ಒಳಗೆ ಕ್ಯಾಪೇ ಇಟ್ಟಿರಲಿಲ್ಲ. ಸದ್ದೇ ಬರುವಂತಿರಲಿಲ್ಲ. ಪುಟ್ಟತಾಯಿ ಹತ್ತು ಹೆಜ್ಜೆ ಓಡಿಬಿಟ್ಟಿದ್ದಳು.

"ಏನ್ ಕೇಳಿ ಎದ್ದೆ ಕೂಸೇ?"

"ಕಟಕ್ ಅಂತದಲ್ಲ ಸಾ, ಅದ್ಕೆ."

"ಎಲ್ಲಿ ಅಂತದೆ?"

"ಅದ್ರೊಳಗೇ ಸಾ. ಮೊದ್ಲು ಕಟಕ್ ಅಂತದೆ, ಆಮೇಕೆ ಢಂ ಅಂತದೆ. ಢಂ ಅನ್ನಾಗಂಟ ಯಾಕ್ ಕಾಯ್ಬೇಕು?"

ಮೇಷ್ಟ್ರು ಪಿಸ್ತೂಲನ್ನು ಕಿವಿಯ ಪಕ್ಕ ಹಿಡಿದು ಮೆಲ್ಲಗೆ ಎಳೆದು ನೋಡಿದರು. ಹೌದು, ಅರ್ಧ ಎಳೆಯುವಾಗ ಬೀಗದ ಸ್ಪ್ರಿಂಗು ಒಂದು ಸಣ್ಣ ಸದ್ದು ಮಾಡುತ್ತಿತ್ತು. ಗೊತ್ತಿಲ್ಲದವರಿಗೆ ಅದು ಕೇಳಿಸುವುದೇ ಇಲ್ಲ. ಒಂದು ವಾರ ಅದನ್ನೇ ಕೇಳಿದವರಿಗೆ ಅದೇ ಸಾಕು. ಕೆನ್ನೆಯ ಗುಟ್ಟು ಬಿಡಿಸಿಕೊಳ್ಳಲು ಹೋಗಿ, ಅದಕ್ಕಿಂತ ಭದ್ರವಾದ ಗುಟ್ಟೊಂದನ್ನು ಅವರು ತಮ್ಮ ಕೈಯಾರೆ ಮಾಡಿಟ್ಟಿದ್ದರು. ಮೈದಾನದ ಗೆರೆಯ ಮೇಲೇ ಕೂತುಬಿಟ್ಟರು. ಸುಣ್ಣವೆಲ್ಲ ಪ್ಯಾಂಟಿಗೆ ಮೆತ್ತಿತು.

ವಿಷಯ ಕೇಳಿದ ಹೆಡ್ ಮಾಸ್ಟರು ಬಾಗಿಲು ಹಾಕಿಕೊಂಡು ಮೆಲುದನಿಯಲ್ಲಿ ಹೇಳಿದರು. "ಸುಮ್ಮನಿದ್ದುಬಿಡಿ. ನೀವೇನು ಬೇಕು ಅಂತ ಮಾಡಿದ್ದಲ್ಲ. ಆ ಬನ್ನೂರಿನವರಿಗೆ ಈ ಜನ್ಮದಲ್ಲಿ ಗೊತ್ತಾಗಲ್ಲ. ಆ ಹುಡುಗಿ ಮೈಸೂರಿಗೆ ಹೋಗಲಿ."

"ಅವರಿಗೆ ಗೊತ್ತಾಗಲ್ಲ ಸಾ" ಎಂದರು ಮೇಷ್ಟ್ರು. "ಅದೇ ತೊಂದ್ರೆ ಆಗಿರೋದು."

ವಿಶಲ್ಲಿಗೆ ಮರಳುವುದೆಂದರೆ ಮತ್ತೆ ಕೆನ್ನೆ. ಹಿಂದೆ ಒಂದು ಕಾಲದಲ್ಲಿ ಓಟ ಬಿಡಲು ಬಳಸುತ್ತಿದ್ದ ಮರದ ಚಪ್ಪಾಳೆ ಹಲಗೆಗೆ ಗೆದ್ದಲು ಹತ್ತಿತ್ತು. ಬೇರೆ ಮೇಷ್ಟ್ರ ಕೈಗೆ ಪಿಸ್ತೂಲು ಕೊಟ್ಟರೂ ಕಟಕ್ ನಮ್ಮ ಮಕ್ಕಳ ಕಿವಿಯಲ್ಲೇ ಇರುತ್ತದೆ. ಅಂದು ಅವರು ಸಂಜೆಯ ಬಸ್ಸಿಗೆ ಹೋಗುವಾಗ ಊಟದ ಡಬ್ಬಿಯನ್ನು ಮರೆತು ಹೋದರು. ಹಾಗೆ ಮರೆತದ್ದನ್ನು ನಾನು ಅದೊಂದೇ ಸಲ ನೋಡಿದ್ದು.

ಬೆಳಿಗ್ಗೆ ಮೈದಾನದ ತುಂಬ ಮಕ್ಕಳು. ಬಾವುಟ ಹಾರಿಸಿ ಆಯಿತು. ಮೇಷ್ಟ್ರು ಮೈಕಿನ ಮುಂದೆ ಬಂದು ಎಲ್ಲ ಶಾಲೆಯ ಓಟದ ಮಕ್ಕಳನ್ನೂ ಹತ್ತಿರ ಕರೆದು ನೆಲದ ಮೇಲೆ ಕೂರಿಸಿದರು. ಪಿಸ್ತೂಲು ಎತ್ತಿ ತೋರಿಸಿದರು.

"ನೋಡ್ರಪ್ಪಾ, ಈ ಪಿಸ್ತೂಲು ಕೆಟ್ಟಿತ್ತು. ವಾಪಸ್ ಕೊಡ್ಬೇಕಾಗಿತ್ತು. ನಾನೇ ಬುದ್ಧಿವಂತ ಅಂತ ರಿಪೇರಿ ಮಾಡಿದೆ. ಈಗ ಇದು ಢಂ ಅನ್ನೋಕೆ ಮುಂಚೆ ಒಂದು ಸದ್ದು ಮಾಡ್ತದೆ. ನಮ್ ಸ್ಕೂಲ್ ಮಕ್ಳಿಗೆ ಅದು ಗೊತ್ತದೆ, ನಿಮ್ಗೆ ಗೊತ್ತಿಲ್ಲ. ಈಗ ಎಲ್ಲಾರೂ ಕೇಳ್ಕಳಿ."

ಮೈಕಿನ ಬಾಯಿಗೆ ಪಿಸ್ತೂಲು ಹಿಡಿದು, ಕ್ಯಾಪು ಇಡದೆ ಎಳೆದರು. ಇಡೀ ಮೈದಾನಕ್ಕೆ ಕಟಕ್ ಎಂದು ಕೇಳಿಸಿತು. ಮತ್ತೆ ಎಳೆದರು. ಹತ್ತಿಪ್ಪತ್ತು ಸಲ ಎಳೆದಿರಬೇಕು. ಆಮೇಲೆ ಸಾಲುಸಾಲಾಗಿ ಎಲ್ಲ ಶಾಲೆಯವರನ್ನೂ ಗೆರೆಯ ಮೇಲೆ ಕೂರಿಸಿ ಮೂರು ಮೂರು ಸಲ ಓಡಿಸಿ ಅಭ್ಯಾಸ ಮಾಡಿಸಿದರು. ಉದ್ಘಾಟನೆಗೆ ಬಂದಿದ್ದ ಮುಖ್ಯ ಅತಿಥಿಗಳು ಹಾರ ಹಾಕಿಕೊಂಡೇ ಬಿಸಿಲಲ್ಲಿ ಕಾಯುತ್ತಿದ್ದರು.

"ಈವತ್ತಿನ ರೂಲ್ಸು ಇಷ್ಟೇ. ಕಟಕ್ ಅಂದ್ರೆ ಓಡಿ. ಢಂ ಅನ್ನೋದು ಹೊಗೆ ನೋಡೋ ಮೇಷ್ಟ್ರುಗಳಿಗೆ."

ಬನ್ನೂರಿನ ಮೇಷ್ಟ್ರು ಕೈಕಟ್ಟಿಕೊಂಡು ಒಂದು ಪಕ್ಕ ನಿಂತಿದ್ದರು. "ಇದೇನ್ ಸಾ ಹೊಸ ವರಸೆ?" ಎಂದರು.

"ಕೆನ್ನೆ ಸಮಾಚಾರ ಹೋಗಿ ಕೈ ಸಮಾಚಾರ ಆಗ್ಯದೆ ಕಣಪ್ಪ. ಬೇಕಾದ್ರೆ ನೀನೇ ಎಳಿ."

ಅವರು ಪಿಸ್ತೂಲು ತೆಗೆದುಕೊಂಡು ಒಂದು ಸಲ ಎಳೆದು, ಕಿವಿಗೊಟ್ಟು ಕೇಳಿ, ಹಿಂದಕ್ಕೆ ಕೊಟ್ಟರು. "ನೀವೇ ಬಿಡಿ ಸಾ" ಎಂದರು. ಅಷ್ಟೇ ಮಾತು. ಟೀ ಬಂದಾಗ ತಮ್ಮ ಲೋಟವನ್ನು ಮೊದಲು ನಮ್ಮ ಮೇಷ್ಟ್ರಿಗೆ ಕೊಟ್ಟರು.

ನೂರು ಮೀಟರಿನಲ್ಲಿ ಪುಟ್ಟತಾಯಿ ಎರಡನೆಯವಳಾದಳು. ಬನ್ನೂರಿನ ಹುಡುಗಿ ಒಂದು ಮೊಳದಷ್ಟು ಮುಂದಿದ್ದಳು. ತುದಿಯಲ್ಲಿ ನಿಂತಿದ್ದ ನಾನೇ ಅದನ್ನು ನೋಡಿದವಳು, ನಾನೇ ಬರೆದುಕೊಂಡವಳು. ಪುಟ್ಟತಾಯಿ ಚಪ್ಪರದ ಹಿಂದೆ ಹೋಗಿ ಕೂತಳು. ಮೇಷ್ಟ್ರು ಅಲ್ಲಿಗೇ ಹೋದರು. ನಾನೂ ಹೋದೆ.

"ನಮ್ಗೊಬ್ರಿಗೇ ಗೊತ್ತಿತ್ತಲ್ಲ ಸಾ. ಯಾಕ್ ಎಲ್ಲಾರ್ಗೂ ಏಳುದ್ರಿ?"

"ಹೇಳ್ದೆ ಇದ್ರೆ ನೀನು ಗೆಲ್ತಿದ್ದೆ ಕೂಸು."

"ಮತ್ತೆ?"

ಮೇಷ್ಟ್ರು ಅವಳ ಪಕ್ಕದಲ್ಲಿ ಕುಕ್ಕರುಗಾಲಲ್ಲಿ ಕೂತರು. "ನನ್ ಮ್ಯಾಲೆ ಕ್ವಾಪ ಮಾಡ್ಕ. ಬೈಯೋದಾದ್ರೆ ಬೈಯಿ. ನಾನು ಇಲ್ಲೇ ಇರ್ತೀನಿ."

ಅವಳು ಬೈಯಲಿಲ್ಲ. ಆದರೆ ಅವರು ಏಳಲೂ ಇಲ್ಲ. ಉದ್ದ ಜಿಗಿತದ ಸ್ಪರ್ಧೆಗೆ ಮೈಕಿನಲ್ಲಿ ಅವರ ಹೆಸರನ್ನು ಎರಡು ಸಲ ಕೂಗಿದರು. ಅವರು ಅಲ್ಲೇ ಕೂತಿದ್ದರು. ಕೊನೆಗೆ ಪುಟ್ಟತಾಯಿಯೇ ಮೂಗು ಒರೆಸಿಕೊಂಡು, "ಓಗಿ ಸಾ, ಕೂಗ್ತಾವ್ರೆ" ಎಂದಳು. ಮುಂದೆ ಅವಳು ಪಿ.ಯು.ಸಿ.ಗೆ ಸೇರಿದ ಮೇಲೆ ಓಡಿ ಮೈಸೂರಿಗೂ ಹೋದಳು, ಅಲ್ಲಿ ಐದನೆಯವಳಾಗಿ ಬಂದು ಅದನ್ನು ಹೇಳಲೆಂದೇ ನಮ್ಮ ಸ್ಟಾಫ್ ರೂಮಿಗೆ ಬಂದಿದ್ದಳು.

ಕ್ರೀಡಾಕೂಟ ಮುಗಿದ ವಾರ ಮೇಷ್ಟ್ರು ಮೊಹರು ಹಾಕಿದ ಕಾಗದ ಹಿಡಿದು ಮೈಸೂರಿಗೆ ಹೋದರು. ಅಂಗಡಿಯವರು ಒಳಗೆ ನೋಡಿ, "ಇದರಲ್ಲಿ ಬೀಗದ ಸ್ಪ್ರಿಂಗ್ ಇದೆಯಲ್ರೀ, ಇದು ನಮ್ಮದಲ್ಲ" ಎಂದರಂತೆ. ತಪ್ಪಂತೂ ಅವರದಲ್ಲ. ನಾನು ನಗು ತಡೆದುಕೊಂಡು ಡಬ್ಬಿಯ ಮುಚ್ಚಳ ತೆಗೆದೆ. ಮೇಷ್ಟ್ರೇ, "ಹೇಳಿ ಮೇಡಂ, ಹೇಳಿ. ನೀವು ಮೊದ್ಲೇ ಹೇಳಿದ್ರಿ ಅಂತ ಹೇಳಿ" ಎಂದು ರೊಟ್ಟಿ ಮುರಿದಿಟ್ಟರು.

ಎರಡು ಸಾವಿರದ ಇಸವಿ ಕಳೆದ ಮೇಲೆ ನನಗೆ ನಂಜನಗೂಡಿಗೆ ವರ್ಗವಾಯಿತು. ಅಷ್ಟರಲ್ಲಿ ಮೇಷ್ಟ್ರು ನಿವೃತ್ತರಾಗಿದ್ದರು. ಅವರ ಮನೆ ನನ್ನ ಶಾಲೆಯ ದಾರಿಯಲ್ಲೇ. ಒಂದು ವರ್ಷ ತಾಲ್ಲೂಕಿನ ಶಾಲೆಗಳಿಗೆಲ್ಲ ಒಂದೇ ಅರ್ಧವಾರ್ಷಿಕ ಪ್ರಶ್ನೆಪತ್ರಿಕೆ ಮಾಡುವ ಕೆಲಸ ನನ್ನ ಪಾಲಿಗೆ ಬಂತು. ಓದಿ ಉತ್ತರಿಸಲು ಒಂದು ಗದ್ಯಭಾಗ ಕೊಡಬೇಕು. ಕೊಟ್ಟೆ. ಅಚ್ಚಿಗೆ ಹೋಗುವ ಮುಂಚೆ ಕರಡು ನೋಡುವಾಗ ಹೊಳೆಯಿತು: ಅದೇ ಭಾಗವನ್ನು ತಿಂಗಳ ಕೆಳಗೆ ನನ್ನ ತರಗತಿಯಲ್ಲಿ ಉಕ್ತಲೇಖನಕ್ಕೆ ಕೊಟ್ಟಿದ್ದೆ, ಅರ್ಥವನ್ನೂ ಬಿಡಿಸಿ ಹೇಳಿದ್ದೆ. ಬೇಕೆಂದು ಮಾಡಿದ್ದಲ್ಲ. ಯಾರಿಗೂ ಗೊತ್ತಾಗುವುದೂ ಇಲ್ಲ. ಅರ್ಧ ಗಂಟೆ ಕರಡು ಹಿಡಿದು ಕೂತಿದ್ದೆ. ಆಮೇಲೆ ಡಿ.ಟಿ.ಪಿ. ಅಂಗಡಿಯವನ ಗೊಣಗಾಟ ಕೇಳಿಕೊಂಡು ಬೇರೆ ಗದ್ಯ ಹಾಕಿಸಿದೆ.

ಸಂಜೆ ಅವರ ಮನೆಗೆ ಹೋಗಿ, ಒಂದಿಷ್ಟು ಹೆಮ್ಮೆಯಿಂದಲೇ ಹೇಳಿಕೊಂಡೆ. ಅವರು ಮಿಕ್ಸಿಯೊಂದನ್ನು ಬಿಚ್ಚಿಕೊಂಡು ಕೂತಿದ್ದರು. ತಲೆಯೆತ್ತಲಿಲ್ಲ.

"ನಿಮ್ ಮಕ್ಳಿಗೆ ಹೇಳುದ್ರಾ?"

"ಇಲ್ಲ ಸಾರ್. ಅವರಿಗೆ ಯಾಕೆ?"

"ಹೇಳ್ಬೇಕು ಮೇಡಂ. ಅವರ ಕೈಗೆ ಬರೋದನ್ನ ನೀವು ತಪ್ಸಿದ್ದೀರಿ. ಮಾಡಿದ್ದು ಸರಿಯೇ. ಆದ್ರೆ ಅವರಿಗೆ ಕ್ವಾಪ ಮಾಡ್ಕಳಾಕೆ ಒಂದ್ ಅವಕಾಶ ಕೊಡ್ಬೇಕು. ಕದ್ದು ಸರಿ ಮಾಡಿದ್ರೆ ಅದು ಅರ್ಧಾನೇ."

ನನಗೆ ತುಸು ಸಿಟ್ಟು ಬಂತು. ಮನೆಗೆ ಬಂದು ಸಾರಿಗೆ ಎರಡು ಸಲ ಉಪ್ಪು ಹಾಕಿದೆ.

ಪರೀಕ್ಷೆ ಮುಗಿದು ಅಂಕ ಕೊಟ್ಟ ದಿನ ತರಗತಿಯಲ್ಲಿ ಹೇಳಿದೆ. ಹಿಂದಿನ ಬೆಂಚಿನಿಂದ, "ಎಂಟು ಮಾರ್ಕ್ಸು ಮಿಸ್" ಎಂದು ಒಬ್ಬ ನರಳಿದ. ಮೊದಲ ಬೆಂಚಿನ ಹುಡುಗಿಯೊಬ್ಬಳು ಪುಸ್ತಕ ಮುಚ್ಚಿ ಕಿಟಕಿಯ ಕಡೆ ತಿರುಗಿಕೊಂಡಳು. ಪಾಠ ಶುರು ಮಾಡೋಣವೆಂದು ಸೀಮೆಸುಣ್ಣ ಎತ್ತಿಕೊಂಡವಳು ಕೆಳಗಿಟ್ಟೆ. ಕುರ್ಚಿಯನ್ನು ಅವರ ಹತ್ತಿರಕ್ಕೆ ಎಳೆದುಕೊಂಡು, "ಬೈಯೋರು ಬೈಯಬಹುದು" ಎಂದು ಕೂತೆ. ಬೆಲ್ಲು ಹೊಡೆಯುವವರೆಗೂ ಬೈದರು. ಅಷ್ಟು ಚೆನ್ನಾದ ಕನ್ನಡವನ್ನು ಆ ಮಕ್ಕಳು ಅದಕ್ಕೆ ಮುಂಚೆ ನನ್ನ ತರಗತಿಯಲ್ಲಿ ಮಾತಾಡಿರಲಿಲ್ಲ.

ಇದನ್ನು ಹೇಳಿದಾಗ ಮೇಷ್ಟ್ರು ಕಣ್ಣಲ್ಲಿ ನೀರು ಬರುವ ತನಕ ನಕ್ಕರು. ಯಾರು ಯಾರು ಏನೇನು ಬೈದರು ಎಂದು ಒಂದೊಂದಾಗಿ ಕೇಳಿ, ಚೆನ್ನಾಗಿರುವುದನ್ನು ಎರಡೆರಡು ಸಲ ಹೇಳಿಸಿಕೊಂಡರು. ಆ ವರ್ಷದ ಬೇಸಿಗೆಯಲ್ಲಿ ಅವರು ತೀರಿಕೊಂಡರು, ಮಧ್ಯಾಹ್ನ ಊಟ ಮಾಡಿ ಮಲಗಿದವರು ಏಳಲಿಲ್ಲ. ಮನೆಯ ಮುಂದೆ ಬಹಳ ಜನ ಸೇರಿದ್ದರು. ನನ್ನ ತರಗತಿಯ ಆ ಮೊದಲ ಬೆಂಚಿನ ಹುಡುಗಿಯೂ ತನ್ನ ಅಪ್ಪನ ಜೊತೆ ಬಂದಿದ್ದಳು, ಅವರದು ಅದೇ ಬೀದಿ. ಅವಳು ನನ್ನ ಪಕ್ಕದಲ್ಲಿ ಬಂದು ನಿಂತು, "ನಿಮಗೆ ಇವರು ಏನಾಗಬೇಕು ಮಿಸ್?" ಎಂದಳು.

"ನೀನು ಅವತ್ತು ನನ್ನ ಬೈದೆಯಲ್ಲ," ಎಂದೆ, "ಬೈಸ್ಕೊಂಡು ಬಾ ಅಂತ ಕಳಿಸಿದ್ದವರು ಇವರೇ."